ಒಳಗೆ ಬಿಟ್ಟ ಬಟ್ಟೆ

ಅಜ್ಜನಿಗೆ ಮರೆವು ಬಂದಿದೆ ಎಂದು ನಮ್ಮ ಓಣಿಯ ಫೋನ್ ಗುಂಪಿನಲ್ಲಿ ಬರೆದದ್ದು ಯಾರು? ಹೆಸರು ಗೊತ್ತು, ಹೇಳುವುದಿಲ್ಲ. ಹೇಳಿದರೆ ಹೆಂಡತಿಯ ಮುಂದೆ ಪಾಪ ಅವನ ಮರ್ಯಾದೆ ಹೋಗುತ್ತದೆ. ನನಗೆ ಎಂಬತ್ತೇಳು ಆಯಿತು, ನಿಜ. ಮೊಣಕಾಲು ಹೋಗಿದೆ, ಎಡಗಿವಿ ಹೋಗಿದೆ. ನೆನಪು ಎಲ್ಲಿಗೂ ಹೋಗಿಲ್ಲ. ನಿಮ್ಮಲ್ಲಿ ಯಾರ ಮದುವೆಗೆ ಎಷ್ಟು ಸೊಂಟದಳತೆಯ ಪ್ಯಾಂಟು ಹೊಲಿದೆ ಎಂದು ಈಗ ಬೇಕಾದರೂ ಹೇಳುತ್ತೇನೆ. ಆಮೇಲೆ ಅದೇ ಪ್ಯಾಂಟನ್ನು ಎಷ್ಟು ಇಂಚು ಬಿಚ್ಚಿದೆ ಎಂಬುದನ್ನೂ ಹೇಳುತ್ತೇನೆ. ಬೇಕಾ? ಬೇಡ ಅಲ್ಲವೇ? ಹಾಗಿದ್ದರೆ ಬಾಯಿ ಮುಚ್ಚಿಕೊಂಡು ಕೇಳಿ.

ಈಜಿನ ನಿಯಮಪುಸ್ತಕದಲ್ಲಿ ನಿಷೇಧಿಸಿದ ಹೊಲಿಗೆಗಳ ಪಟ್ಟಿ ಒಂದಿದೆ. ಅದರಲ್ಲಿ ಮೊದಲನೆಯದು ‘ಬಗಾಡೆ ಮಡಿಕೆ’. ಆ ಬಗಾಡೆ ನಾನು, ವಿಠೋಬ ಬಗಾಡೆ, ದಾವಣಗೆರೆಯ ಟೈಲರ್. ಅದನ್ನು ನಾನು ಮೋಸಕ್ಕೆಂದು ಕಂಡುಹಿಡಿದೆ ಎಂದು ಯಾರೋ ಹೇಳುತ್ತಾರೆ. ನಾನು ಕಂಡುಹಿಡಿಯಲೇ ಇಲ್ಲ. ಕೈಗೆ ಅಭ್ಯಾಸವಾಗಿತ್ತು, ಅಷ್ಟೇ.

ಮೊದಲು ಬಟ್ಟೆಯ ವಿಷಯ ಹೇಳುತ್ತೇನೆ. ೨೦೪೩ರ ಹೊತ್ತಿಗೆ ಈಜುಗಾರರಿಗೆಂದು ಹೊಸ ಬಟ್ಟೆ ಬಂದಿತ್ತು. ಅದಕ್ಕೆ ಉದ್ದದ ಹೆಸರಿತ್ತು, ನಮ್ಮೂರವರು ಮೀನ್‌ಬಟ್ಟೆ ಎನ್ನುತ್ತಿದ್ದರು. ಮನುಷ್ಯ ಈಜುವಾಗ ಮೈಯ ಅಂಚಿನಲ್ಲೆಲ್ಲ ಸಣ್ಣ ಸಣ್ಣ ಸುಳಿ ಎದ್ದು ಅವನನ್ನು ಹಿಂದಕ್ಕೆ ಎಳೆಯುತ್ತವೆ. ಈ ಬಟ್ಟೆಯ ಎಳೆಗಳಿಗೆ ಸುಳಿ ಏಳುವುದು ತಿಳಿಯುತ್ತಿತ್ತು. ತಿಳಿದ ಕೂಡಲೇ ಒಂದು ಕಡೆ ಬಿಗಿಯಾಗಿ, ಇನ್ನೊಂದು ಕಡೆ ಸಡಿಲವಾಗಿ, ಸುಳಿಯನ್ನು ಒರೆಸಿ ಹಾಕುತ್ತಿದ್ದವು. ಬ್ಯಾಟರಿ ಗೀಟರಿ ಏನಿಲ್ಲ, ಮೈಯ ಬಿಸಿಯೇ ಅದಕ್ಕೆ ಊಟ. ತೊಟ್ಟವರ ಮೈಯನ್ನು ಕಲಿಯಲು ಒಂದು ತಿಂಗಳು ಹಿಡಿಯುತ್ತಿತ್ತು. ಬೇರೆಯವರಿಗೆ ಕೊಟ್ಟರೆ ಮತ್ತೆ ಒಂದನೇ ಕ್ಲಾಸಿನಿಂದ ಶುರು.

ಇದರ ಮೇಲೆ ಆದ ಜಗಳ ಸಣ್ಣದಲ್ಲ. ಈಜುವುದು ಮನುಷ್ಯನೋ ಬಟ್ಟೆಯೋ ಎಂದು ಒಂದು ಪಕ್ಷ. ಓಡುವವನಿಗೆ ಬೂಟು ಕೊಟ್ಟಿಲ್ಲವೇ ಎಂದು ಇನ್ನೊಂದು ಪಕ್ಷ. ಕೊನೆಗೆ ಈಜು ಮಂಡಳಿಯವರು ಒಂದು ಗೆರೆ ಎಳೆದರು. ನೂರರಲ್ಲಿ ಒಂದು ಪಾಲು ಬಟ್ಟೆಯದಿರಲಿ, ಅದರ ಮೇಲೆ ಬೇಡ. ಪಂದ್ಯದ ಬೋರ್ಡಿನಲ್ಲಿ ಸಮಯದ ಪಕ್ಕದಲ್ಲೇ ‘ಬಟ್ಟೆಯ ಪಾಲು’ ಎಂದು ಇನ್ನೊಂದು ಅಂಕಿ ಬರತೊಡಗಿತು. ಊರಿಗೆ ಒಂದು ಮಾತು ಸಿಕ್ಕಿತು ನೋಡಿ! ಮದುವೆಮನೆಯಲ್ಲಿ ಹುಡುಗಿಯನ್ನು ನೋಡಿ, “ಚಂದ ಅದಾಳೆ, ಬಟ್ಟೆ ಪಾಲೆಷ್ಟು?” ಎಂದು ಪಿಸುಗುಟ್ಟುವುದು. ನನ್ನ ಹೆಂಡತಿ ರುಕ್ಮಾ ಚಟ್ನಿ ಮಾಡಿ ತಂದಿಟ್ಟಾಗ ನಾನು “ಮಿಕ್ಸಿ ಪಾಲೆಷ್ಟೇ?” ಎಂದು ಕೇಳಿ ಎರಡು ದಿನ ಬರೀ ಮೊಸರನ್ನ ಉಂಡಿದ್ದೇನೆ.

ಆ ಬಟ್ಟೆಯನ್ನು ಪರೀಕ್ಷಿಸುವ ಒಂದು ಲ್ಯಾಬು ನಮ್ಮೂರಲ್ಲಿತ್ತು. ಡಾಕ್ಟರ್ ಅಲಮೇಲು ಅದರ ಯಜಮಾನಿ. ಮೈಸೂರು ಕಡೆಯ ಹೆಂಗಸು, ನಗುವುದು ಕಡಿಮೆ, ಕಾಫಿ ಜಾಸ್ತಿ. ಮೀನ್‌ಬಟ್ಟೆಗೆ ಮಷಿನ್ ಸೂಜಿ ಬಿದ್ದರೆ ಎಳೆ ಸಾಯುತ್ತಿತ್ತು. ಕೈಹೊಲಿಗೆ ಬಲ್ಲವರು ಬೇಕೆಂದು ಹುಡುಕಿ ನನ್ನನ್ನು ಕರೆಸಿದ್ದರು. ಮೊದಲ ದಿನವೇ ಮೇಜಿನ ಮೇಲೆ ಬಟ್ಟೆ ಹರಡಿ ಹೇಳಿದರು:

“ಬಗಾಡೆಯವರೇ, ಒಂದೇ ನಿಯಮ. ಬಟ್ಟೆ ಮೇಲೆ ಬಟ್ಟೆ ಬರಬಾರದು. ಅಂಚಿಗೆ ಅಂಚು ತಾಗಿಸಿ ಹೊಲೀಬೇಕು. ಒಳಗಡೆ ಒಂದು ನೂಲಿನಷ್ಟೂ ಮಿಗಬಾರದು.”

“ಅಲ್ರೀ ಮೇಡಂ, ಒಳಗೆ ಬಟ್ಟೆ ಬಿಡದಂಗೆ ನಾನು ನಲವತ್ತು ವರ್ಷದಾಗೆ ಒಂದು ಅಂಗೀನೂ ಹೊಲಿದಿಲ್ಲ.”

“ಯಾಕೆ ಬಿಡಬೇಕು?”

“ಮಕ್ಕಳು ಬೆಳೀತಾವಲ್ರೀ.”

ಅವರು ನನ್ನನ್ನೇ ನೋಡಿದರು. “ನೀವು ಯೂನಿಫಾರ್ಮ್ ಹೊಲೀತಿಲ್ಲ ಇಲ್ಲಿ” ಎಂದರು.

ಅವರಿಗೆ ಗೊತ್ತಿರಲಿಲ್ಲ. ನಮ್ಮೂರ ತಾಯಂದಿರು ಅಂಗಿಯ ಮುಂಭಾಗ ನೋಡುವುದೇ ಇಲ್ಲ. ಒಳಮಗ್ಗುಲು ತಿರುಗಿಸಿ, ಪಕ್ಕದ ಹೊಲಿಗೆಯಲ್ಲಿ ಎಷ್ಟು ಬಟ್ಟೆ ಬಿಟ್ಟಿದ್ದಾನೆ ಎಂದು ಬೆರಳಿಟ್ಟು ನೋಡುತ್ತಾರೆ. ಎರಡು ಬೆರಳು ಇದ್ದರೆ ಒಳ್ಳೆ ಟೈಲರ್. ಪ್ರತಿ ಜೂನ್‌ನಲ್ಲಿ ಅದೇ ಅಂಗಿ ಹಿಡಿದು ಬರುತ್ತಾರೆ, ನಾನು ಬಿಚ್ಚಿ ಹಿಗ್ಗಿಸಿ ಕೊಡುತ್ತೇನೆ.

ಈಗ ಹುಡುಗಿಯ ವಿಷಯ. ಚಿತ್ಕಲಾ, ಹದಿನೈದು ವರ್ಷ. ಅವಳ ತಾಯಿ ನಾಗವೇಣಿ ಮಂಡಕ್ಕಿ ಭಟ್ಟಿಯಲ್ಲಿ ಹುರಿಯುವ ಕೆಲಸ ಮಾಡುತ್ತಿದ್ದಳು. ಇಡೀ ದಿನ ಬೆಂಕಿಯ ಮುಂದೆ ನಿಲ್ಲುವ ಹೆಂಗಸಿನ ಮಗಳು ಇಡೀ ದಿನ ನೀರಲ್ಲಿ. ನಗರದ ಈಜುಕೊಳದ ಕೋಚ್ ಬೋಪಯ್ಯ ಅವಳನ್ನು ಏಳು ವರ್ಷದಿಂದ ತಿದ್ದಿದ್ದರು. ಇನ್ನೂರು ಮೀಟರ್ ಫ್ರೀಸ್ಟೈಲನ್ನು ಎರಡು ನಿಮಿಷ ಹದಿನಾರು ಸೆಕೆಂಡಿಗೆ ಮುಗಿಸುತ್ತಿದ್ದಳು. ಆ ಅಕ್ಟೋಬರಿನಲ್ಲಿ ರಾಷ್ಟ್ರೀಯ ಶಿಬಿರಕ್ಕೆ ಆಯ್ಕೆ. ಆಯ್ಕೆಯಾದರೆ ಮೂರು ವರ್ಷ ಊಟ, ಓದು, ತರಬೇತಿ ಎಲ್ಲ ಅಲ್ಲಿಯೇ. ಎರಡು ನಿಮಿಷ ಒಂಬತ್ತು ಸೆಕೆಂಡಿನೊಳಗೆ ಈಜಬೇಕು. ಹದಿನಾರು ತುಂಬಿದವರಿಗೆ ಪ್ರವೇಶವಿಲ್ಲ, ಅಂದರೆ ಅವಳಿಗೆ ಅದೊಂದೇ ಅವಕಾಶ.

ಮೀನ್‌ಬಟ್ಟೆ ಇಲ್ಲದೆ ಆ ಪಂದ್ಯಕ್ಕೆ ಯಾರೂ ಬರುತ್ತಿರಲಿಲ್ಲ. ದೊಡ್ಡ ಊರಿನ ಮಕ್ಕಳು ಹೊರದೇಶದಲ್ಲಿ ಅಳತೆ ಕೊಟ್ಟು ಹೊಲಿಸಿಕೊಳ್ಳುತ್ತಿದ್ದರು. ಅಲಮೇಲು ಲ್ಯಾಬಿನಲ್ಲಿ ಪರೀಕ್ಷೆ ಮುಗಿದು ಬಿದ್ದಿದ್ದ ಒಂದು ಹಳೆಯ ಉಡುಗೆಯನ್ನು ಕೊಟ್ಟು, “ಈ ಹುಡುಗಿ ಅಳತೆಗೆ ಮಾಡಿಕೊಡಿ” ಎಂದರು. ಅದು ಎತ್ತರದ ಹೆಂಗಸಿನ ಉಡುಗೆ, ಭುಜದಿಂದ ಮಂಡಿಯವರೆಗೆ. ಎರಡೂ ಪಕ್ಕದಲ್ಲಿ ಕಿರಿದು ಮಾಡಬೇಕಿತ್ತು.

ಅಳತೆಗೆ ತಾಯಿ ಮಗಳು ಇಬ್ಬರೂ ನಮ್ಮ ಮನೆಗೆ ಬಂದರು. ನಾಗವೇಣಿ ಸೆರಗಿನ ತುಂಬ ಬಿಸಿ ಮಂಡಕ್ಕಿ ತಂದು ರುಕ್ಮಾಳ ಮೊರಕ್ಕೆ ಸುರಿದಳು. ನಾನು ಟೇಪು ಹಿಡಿದಾಗ ಹತ್ತಿರ ಬಂದು ಮೆಲ್ಲಗೆ ಹೇಳಿದಳು: “ಕಾಕಾ, ಬೆಳೆಯೋ ಹುಡುಗಿ. ಒಳಗೆ ಎರಡು ಬೆರಳು ಬಿಡ್ರಿ. ಮುಂದಿನ ವರ್ಷ ಇಂಥದ್ದು ಯಾರು ಕೊಡ್ತಾರೆ ನಮಗೆ?”

“ಲ್ಯಾಬಿನ ಮೇಡಂ ಬಿಡಬ್ಯಾಡ ಅಂದಾರಮ್ಮ.”

“ಅವರಿಗೆ ಮಕ್ಕಳದಾವಾ?”

“ಇಲ್ಲ.”

“ಮತ್ತೆ?” ಎಂದಳು.

ನಾನು ಟೇಪು ಸುತ್ತಿ ಜೇಬಿಗೆ ಹಾಕಿದೆ. ಆದರೆ ಕತ್ತರಿ ಹಿಡಿದು ಕುಳಿತಾಗ, ಆ ಬಟ್ಟೆಯನ್ನು ಕತ್ತರಿಸಿ ಬಿಸಾಡಲು ಕೈ ಬರಲಿಲ್ಲ. ಕಂಕುಳಿಂದ ಸೊಂಟದವರೆಗೆ ಎರಡೂ ಪಕ್ಕದಲ್ಲಿ ಎರಡೆರಡು ಬೆರಳು ಒಳಕ್ಕೆ ಮಡಚಿ, ಮೈಗೆ ಚುಚ್ಚದ ಹಾಗೆ ಸಣ್ಣ ಹೆಮ್ಮಿಂಗ್ ಹಾಕಿದೆ. ಹೊರಗಿನಿಂದ ನೋಡಿದರೆ ಅಂಚಿಗೆ ಅಂಚು ತಾಗಿದ ಹಾಗೆಯೇ ಕಾಣುತ್ತಿತ್ತು. ಅಲಮೇಲು ಹೊರಗಿನಿಂದ ನೋಡಿ “ಚೆನ್ನಾಗಿದೆ” ಎಂದರು. ನಮ್ಮೂರ ತಾಯಿಯಾಗಿದ್ದರೆ ಒಳಗೆ ತಿರುಗಿಸಿ ನೋಡುತ್ತಿದ್ದಳು.

ಒಂದು ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ಬೋಪಯ್ಯ ನನಗೆ ಫೋನ್ ಮಾಡಿ, “ಬಗಾಡೆ, ನನ್ನ ವಾಚು ಕೆಟ್ಟಿದೆ ಮಾರಾಯ” ಎಂದರು. ವಾಚು ಕೆಟ್ಟರೆ ಟೈಲರನಿಗೆ ಯಾಕೆ ಫೋನು? ಹೋಗಿ ನೋಡಿದೆ. ಚಿತ್ಕಲಾ ಎರಡು ನಿಮಿಷ ಏಳು ಸೆಕೆಂಡಿಗೆ ಈಜಿದ್ದಳು. ಬೇರೆ ವಾಚು ತಂದರು. ಅದರಲ್ಲೂ ಏಳು. ಆ ಹುಡುಗಿ ನೀರಿನಿಂದ ತಲೆ ಎತ್ತಿ, “ಸಾರ್, ಇನ್ನೊಂದ್ಸಲ ಹೋಗ್ಲಾ?” ಎಂದು ಕೇಳುತ್ತಿದ್ದಳು. ಹಬ್ಬದ ಹೋಳಿಗೆಗೆ ಕೈಯೊಡ್ಡುವ ಮಗುವಿನ ಮುಖ.

ಲ್ಯಾಬಿಗೆ ಕರೆದೊಯ್ದು ಪಾಲು ಅಳೆದರು. ಅಳೆಯುವ ಕ್ರಮ ಹೀಗಿತ್ತು: ಹರಿಯುವ ನೀರಿನ ತೊಟ್ಟಿಯಲ್ಲಿ ಹಗ್ಗ ಹಿಡಿದು ಕೊರಡಿನ ಹಾಗೆ ಬೋರಲು ಮಲಗಬೇಕು, ಕೈಕಾಲು ಆಡಿಸಬಾರದು. ನೀರು ಎಷ್ಟು ಎಳೆಯುತ್ತದೆ ಎಂದು ಹಗ್ಗಕ್ಕೆ ಕಟ್ಟಿದ ಮೀಟರು ತೋರಿಸುತ್ತದೆ. ಒಮ್ಮೆ ಎಳೆಗಳು ಕೆಲಸ ಮಾಡದ ಹಾಗೆ ಬಟ್ಟೆಯನ್ನು ಮಲಗಿಸಿ, ಒಮ್ಮೆ ಎಬ್ಬಿಸಿ. ಎರಡರ ನಡುವಿನ ವ್ಯತ್ಯಾಸವೇ ಬಟ್ಟೆಯ ಪಾಲು. ಅವಳದು ಸೊನ್ನೆ ದಶಾಂಶ ಎಂಟು ಬಂತು. ನಿಯಮದೊಳಗೇ ಇತ್ತು. ಅಂದರೆ ಮಿಕ್ಕಿದ್ದೆಲ್ಲ ಹುಡುಗಿಯದೇ! ಭಟ್ಟಿಯಲ್ಲಿ ನಾಗವೇಣಿ ಅಂದು ಎಲ್ಲರಿಗೂ ಮೆಣಸಿನಕಾಯಿ ಬಜ್ಜಿ ಕರಿದು ಹಂಚಿದಳು. “ನನ್ನ ಮಗಳು ಶಿಬಿರಕ್ಕೆ ಹೋಗ್ತಾಳೆ” ಎಂದು ಕಂಡಕಂಡವರಿಗೆಲ್ಲ ಹೇಳಿದಳು.

ಸೆಪ್ಟೆಂಬರ್ ಹೊತ್ತಿಗೆ ಹುಡುಗಿ ಬೆಳೆದಳು. ಬೆಳೆಯುತ್ತಾಳೆ ಎಂದು ನಾವು ಹೇಳಿರಲಿಲ್ಲವೇ? ಆಯ್ಕೆಗೆ ಹನ್ನೆರಡು ದಿನ ಇರುವಾಗ ಉಡುಗೆ ಹಿಡಿದು ಬಂದಳು.

“ವಿಠೋಬಜ್ಜ, ಕಂಕುಳಾಗೆ ಬಿಗೀತೈತೆ. ಸ್ವಲ್ಪ ಬಿಚ್ತೀಯಾ?”

ನಾನು ಖುಷಿಯಿಂದ ಬಿಚ್ಚಿದೆ. ನೋಡಿದೆಯಾ ರುಕ್ಮಾ, ಬಿಟ್ಟಿದ್ದು ಉಪಯೋಗಕ್ಕೆ ಬಂತು ಎಂದು ಜಂಬವನ್ನೂ ಕೊಚ್ಚಿಕೊಂಡೆ. ಎರಡೂ ಪಕ್ಕ ಬಿಚ್ಚಿ, ಒಂದು ಬೆರಳಷ್ಟು ಹಿಗ್ಗಿಸಿ, ಉಳಿದದ್ದನ್ನು ಕತ್ತರಿಸದೆ ಹೊರಕ್ಕೆ ತಿರುಗಿಸಿ ಚಪ್ಪಟೆ ಕೂರಿಸಿದೆ.

ಮಾರನೆಯ ದಿನ ಅವಳ ಸಮಯ ಎರಡು ಹದಿಮೂರು.

ಅದರ ಮಾರನೆಯ ದಿನವೂ ಹದಿಮೂರು. ಬೋಪಯ್ಯ ಕೂಗಾಡಿದರು. ಹುಡುಗಿ, ನನಗೇ ಸೋಮಾರಿತನ ಬಂದಿದೆ ಎಂದು ಅತ್ತಳು. ನಾಗವೇಣಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಭಟ್ಟಿಯ ಬೆಂಕಿಗೆ ಹಾಕಿದಳು, ಇಡೀ ಓಣಿ ಕೆಮ್ಮಿತು. ನಾನು ರಾಯರ ಹಾಗೆ ಕುಳಿತು ಎಲ್ಲರಿಗೂ ಸಮಾಧಾನ ಹೇಳುತ್ತಿದ್ದೆ. ರುಕ್ಮಾ ಅಕ್ಕಿ ಆರಿಸುತ್ತಾ ತಲೆ ಎತ್ತದೆ ಕೇಳಿದಳು:

“ರೀ, ಅವಳು ನಿಧಾನ ಆಗಿದ್ದು ನೀವು ಬಿಚ್ಚಿದ ಮ್ಯಾಲೆ ಅಲ್ವಾ?”

ನನ್ನ ಕೈಯಲ್ಲಿದ್ದ ಸೂಜಿ ಎಲ್ಲಿ ಬಿತ್ತೋ ಗೊತ್ತಿಲ್ಲ.

ನೆಟ್ಟಗೆ ಲ್ಯಾಬಿಗೆ ಹೋದೆ. ಅಲಮೇಲು ಮುಂದೆ ನಿಂತು ಎಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಕಾಫಿ ಲೋಟ ಕೆಳಗಿಟ್ಟು, “ಎಷ್ಟು ಅಗಲ ಮಡಚಿದ್ರಿ?” ಎಂದರು. ಎರಡು ಬೆರಳು ತೋರಿಸಿದೆ. ಹಾಗೆಯೇ ಮಡಚಿ ಕಚ್ಚಾ ಹೊಲಿಗೆ ಹಾಕಲು ಹೇಳಿ, ಹುಡುಗಿಯನ್ನು ಕರೆಸಿ, ತೊಟ್ಟಿಯಲ್ಲಿ ಕೊರಡಿನ ಹಾಗೆ ಮಲಗಿಸದೆ ಈಜಿಸಿ ಅಳೆದರು. ಬಟ್ಟೆಯ ಪಾಲು ಐದು ದಶಾಂಶ ಎರಡು.

“ಬಗಾಡೆಯವರೇ,” ಎಂದರು. “ಹೊರಗಿನ ಬಟ್ಟೆಗೆ ನೀರು ಗೊತ್ತಾಗುತ್ತೆ. ಒಳಗೆ ಮಡಚಿದ್ದಕ್ಕೆ ನೀರು ಸೋಕಲ್ಲ, ಅದಕ್ಕೆ ಗೊತ್ತಾಗೋದು ಮೈ ಮಾತ್ರ. ಕೈ ಎತ್ತೋಕೆ ಮುಂಚೆ ಪಕ್ಕೆಯ ಸ್ನಾಯು ಬಿಗಿಯಾಗುತ್ತಲ್ಲ, ಅದನ್ನ ತಿಳಕೊಂಡು ಹೊರಗಿನ ಪದರಕ್ಕೆ ಮೊದಲೇ ಹೇಳಿಬಿಡುತ್ತೆ. ಸುಳಿ ಎದ್ದಮೇಲೆ ಒರೆಸೋದಲ್ಲ, ಏಳೋಕೇ ಬಿಡಲ್ಲ. ಸುಮ್ಮನೆ ಮಲಗಿದ್ರೆ ಸ್ನಾಯು ಆಡಲ್ಲ, ಅದಕ್ಕೇ ನಮ್ಮ ಪರೀಕ್ಷೆಗೆ ಸಿಗಲಿಲ್ಲ. ಏಳು ವರ್ಷ ನಾನು ಹುಡುಕಿದ್ದು ಇದನ್ನೇ ಕಣ್ರೀ. ನೀವು ನನ್ನ ಮಾತು ಕೇಳದೆ ಮಾಡಿಬಿಟ್ರಿ.”

ಹೊಗಳಿದರೋ ಬೈದರೋ ಇವತ್ತಿಗೂ ಗೊತ್ತಾಗಿಲ್ಲ.

ಬೋಪಯ್ಯ ಗೋಡೆಗೆ ಒರಗಿ ನಿಂತಿದ್ದರು. “ಹಾಗಾದ್ರೆ ಮಡಚಿ ಹೊಲಿದುಬಿಡಿ. ಪಂದ್ಯದಲ್ಲೂ ಇದೇ ಮಲಗಿಸೋ ಪರೀಕ್ಷೆ. ಸೊನ್ನೆ ದಶಾಂಶ ಎಂಟೇ ಬರ್ತದೆ.”

“ಅದು ಸುಳ್ಳು ಅಂಕಿ, ಬೋಪಯ್ಯ.”

“ಉಳಿದ ಮಕ್ಕಳ ಅಂಕಿ ನಿಜವಾ ಡಾಕ್ಟ್ರೇ? ಅವರಿಗೆ ಹೊರದೇಶದಲ್ಲಿ ಏನೇನು ಮಡಚಿ ಕೊಡ್ತಾರೋ ನೀವು ಒಳಗೆ ತಿರುಗಿಸಿ ನೋಡಿದ್ದೀರಾ? ಈ ಹುಡುಗಿಯ ಸ್ನಾಯು ಹೇಳಿದ್ದನ್ನೇ ತಾನೇ ಬಟ್ಟೆ ಕೇಳಿದ್ದು? ಬೇರೆಯವರ ಸ್ನಾಯು ಅಲ್ಲವಲ್ಲ?”

ಅಲಮೇಲು ಗೋಡೆಯ ಕ್ಯಾಲೆಂಡರ್ ಕಡೆ ನೋಡಿದರು. ಮಡಿಕೆ ಬಿಚ್ಚಿದ ಬಟ್ಟೆ ಕಲಿತದ್ದೆಲ್ಲ ತಪ್ಪಿ ಹುಡುಗಿಯನ್ನೇ ಹಿಂದಕ್ಕೆ ಎಳೆಯುತ್ತಿತ್ತು. ಅದನ್ನು ಕತ್ತರಿಸಿ ನೇರ್ಪು ಮಾಡಿದರೆ ಬಟ್ಟೆ ಮತ್ತೆ ಕಲಿಯಲು ತಿಂಗಳು ಬೇಕು, ಪಂದ್ಯಕ್ಕೆ ಉಳಿದಿದ್ದು ಒಂಬತ್ತು ದಿನ. ಮಡಚಿದರೆ ಶಿಬಿರ ಗ್ಯಾರಂಟಿ. ಇಲ್ಲದಿದ್ದರೆ ಅಂಗಡಿಯ ನೈಲಾನ್ ಉಡುಗೆಯಲ್ಲಿ ಈಜಬೇಕು. ಅದನ್ನು ತೊಡಿಸಿ ಒಮ್ಮೆ ನೋಡಿದರು. ಎರಡು ಹನ್ನೊಂದು ಬಂತು. ಜೂನ್‌ನಲ್ಲಿ ಅದೇ ನೈಲಾನಿನಲ್ಲಿ ಹದಿನಾರು ಇತ್ತು. ಅಲಮೇಲು ಕನ್ನಡಕ ತೆಗೆದು, “ಬಟ್ಟೆ ದಾರಿ ತೋರಿಸಿದೆ, ಮೈ ಕಲಿತಿದೆ” ಎಂದರು. ಆದರೆ ಹನ್ನೊಂದು ಒಂಬತ್ತಲ್ಲ.

ಹುಡುಗಿಗೆ ಇನ್ನೂ ಯಾರೂ ಏನೂ ಬಿಡಿಸಿ ಹೇಳಿರಲಿಲ್ಲ. ತಪ್ಪು ನನ್ನದು, ನಾನೇ ಹೇಳುತ್ತೇನೆ ಎಂದು ಸಂಜೆ ಅವರ ಮನೆಗೆ ಹೋದೆ. ನಾಗವೇಣಿ ಆಗತಾನೇ ಭಟ್ಟಿಯಿಂದ ಬಂದು ಮುಖ ತೊಳೆಯುತ್ತಿದ್ದಳು. ಎಲ್ಲ ಕೇಳಿದ ಮೇಲೆ ನೀರು ಇಳಿಯುವ ಮುಖದಲ್ಲೇ ನನ್ನ ಕಡೆ ತಿರುಗಿದಳು.

“ಯಾಕ್ ಕಾಕಾ ಬಾಯಿ ಬಿಟ್ರಿ? ಸುಮ್ನೆ ಮಡಚಿ ಕೊಟ್ಟಿದ್ರೆ ಏನಾಗ್ತಿತ್ತು? ಎರಡು ಬೆರಳು ಬಿಡ್ರಿ ಅಂತ ನಾನು ಕೇಳಿದ್ದು ಕಳ್ಳತನಕ್ಕಾ?”

“ಅಲ್ಲಮ್ಮಾ.”

“ಮತ್ತೆ ನನ್ನ ಮಗಳಿಗೇ ಯಾಕೆ ಈ ಪರೀಕ್ಷೆ?”

ನಾನು ದೊಡ್ಡ ಹರಿಶ್ಚಂದ್ರನಲ್ಲ, ಇದನ್ನೂ ಕೇಳಿಸಿಕೊಳ್ಳಿ. ಆ ಹೊತ್ತಿಗೆ ನನ್ನ ಜೇಬಿನಲ್ಲಿ ಸೂಜಿ ದಾರ ಇತ್ತು. “ಚಿತ್ಕಲಾ, ನೀನು ಹೂಂ ಅಂದ್ರೆ ಇಲ್ಲೇ ಕೂತು ಮಡಚಿ ಕೊಡ್ತೀನಿ. ಡಾಕ್ಟ್ರಿಗೆ ನಾನು ಹೇಳ್ಕೋತೀನಿ” ಎಂದೆ.

ಹುಡುಗಿ ಉಡುಗೆಯನ್ನು ತೊಡೆಯ ಮೇಲೆ ಹರಡಿಕೊಂಡು ಕುಳಿತಿದ್ದಳು. ಬಹಳ ಹೊತ್ತು ಅದರ ಪಕ್ಕವನ್ನು ನೇವರಿಸಿದಳು. ನಾಲ್ಕು ತಿಂಗಳು ಅವಳ ಮೈಯನ್ನು ಕಲಿತ ಬಟ್ಟೆ ಅದು, ಅವಳಿಗೂ ಅದರ ಮೇಲೆ ಪ್ರೀತಿ ಇತ್ತು.

“ಅಜ್ಜ, ಎರಡು ಏಳು ಬಂತಲ್ಲ, ಅದರಾಗೆ ನಂದೆಷ್ಟು?”

“ನೈಲಾನಿನಾಗೆ ಹನ್ನೊಂದು ಬಂದೈತೆ. ಅಷ್ಟು ನಿಂದು.”

“ಶಿಬಿರದಾಗೆ ಮೂರು ವರ್ಷ ಇಟ್ಕೊಂಡು ಕಲಿಸ್ತಾರಲ್ಲ, ಯಾರಿಗೆ ಕಲಿಸ್ತಾರೆ? ನನಗಾ, ಇದಕ್ಕಾ?”

ನಾನು ಸೂಜಿ ಹುಡುಕುತ್ತಿದ್ದ ಕೈಯನ್ನು ಜೇಬಿನಿಂದ ಹೊರಗೆ ತೆಗೆದೆ.

“ಒಂಬತ್ತು ದಿನ ಐತಲ್ಲ,” ಎಂದಳು. “ಇದು ನೀರಾಗೆ ನನ್ನ ಹೆಂಗೆ ಹಿಡ್ಕೊಂತಿತ್ತು ಅಂತ ನನಗೆ ನೆನಪೈತೆ. ಹಂಗೇ ನಾನೇ ಹಿಡ್ಕೊಂಡು ನೋಡ್ತೀನಿ.” ಉಡುಗೆಯನ್ನು ನೀಟಾಗಿ ಮಡಚಿ ನನ್ನ ಕೈಗೆ ಕೊಟ್ಟಳು. ನಾಗವೇಣಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಒಂಬತ್ತು ದಿನ ಬೋಪಯ್ಯ ಅವಳನ್ನು ಬೆಳಿಗ್ಗೆ ಸಂಜೆ ಈಜಿಸಿದರು, ಗೊಣಗುತ್ತಲೇ. ಅಲಮೇಲು ತೊಟ್ಟಿಯನ್ನು ಬಿಟ್ಟುಕೊಟ್ಟರು. ಹರಿಯುವ ನೀರಿನಲ್ಲಿ ಮೈ ಎಲ್ಲಿ ಬಿಗಿಯಬೇಕು, ಎಲ್ಲಿ ಬಿಡಬೇಕು ಎಂದು ಹುಡುಗಿ ತಾನೇ ಹುಡುಕಿಕೊಂಡಳು. ಹನ್ನೊಂದು ಹತ್ತೂವರೆ ಆಯಿತು, ಹತ್ತು ಆಯಿತು. ಅಲ್ಲಿಗೆ ನಿಂತಿತು.

ಆಯ್ಕೆ ಬೆಂಗಳೂರಿನಲ್ಲಿ. ಬೆಳಿಗ್ಗೆ ಬಸ್ಸು ಹತ್ತುವಾಗ ನಾಗವೇಣಿಯೂ ಬಂದಳು, ನನ್ನ ಜೊತೆ ಮಾತಿಲ್ಲ, ರುಕ್ಮಾಳ ಪಕ್ಕದಲ್ಲಿ ಕುಳಿತಳು. ಉಡುಗೆ ತಪಾಸಣೆಯ ಮೇಜಿನಲ್ಲಿ ಅಧಿಕಾರಿ ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿದ.

“ಮೀನ್‌ಬಟ್ಟೆ ಎಲ್ಲಮ್ಮಾ? ಮರೆತು ಬಂದ್ಯಾ?”

“ಇಲ್ಲ ಸಾರ್. ಅದು ನನಗಿಂತ ಚೆನ್ನಾಗಿ ಈಜ್ತೈತೆ, ಅದಕ್ಕೇ ಮನೇಲಿ ಬಿಟ್ಟು ಬಂದೆ.”

ಅವನು ನಕ್ಕ. ಹಿಂದೆ ಸಾಲಿನಲ್ಲಿದ್ದ ಮಕ್ಕಳೂ ನಕ್ಕರು. ಬೋರ್ಡಿನಲ್ಲಿ ಎಂಟು ಹೆಸರು ಬಂದವು. ಏಳು ಹೆಸರಿನ ಮುಂದೆ ಸೊನ್ನೆ ದಶಾಂಶ ಒಂಬತ್ತು, ಸೊನ್ನೆ ದಶಾಂಶ ಎಂಟು. ಅವಳ ಹೆಸರಿನ ಮುಂದೆ ಬರೀ ಸೊನ್ನೆ. ಬೋರ್ಡು ಕೆಟ್ಟಿದೆ ಎಂದು ನನ್ನ ಪಕ್ಕದವನು ಹೇಳಿದ. ಇಲ್ಲಪ್ಪಾ, ಸರಿಯಾಗಿದೆ ಎಂದೆ.

ಸೀಟಿ ಊದಿದರು. ಮೊದಲ ನೂರು ಮೀಟರಿಗೆ ಅವಳು ಆರನೆಯವಳು. ನೂರೈವತ್ತಕ್ಕೆ ಐದು. ಆಮೇಲೆ ಏನಾಯಿತು ಎಂದು ಹೇಳಲು ನನಗೆ ಈಜು ಬರುವುದಿಲ್ಲ, ಬಟ್ಟೆ ಮಾತ್ರ ಗೊತ್ತು. ಒಳ್ಳೆಯ ಬಟ್ಟೆಗೆ ಕತ್ತರಿ ಹಾಕಿದಾಗ ತಾನೇ ನೂಲು ಹಿಡಿದು ನೇರ ಹೋಗುತ್ತದಲ್ಲ, ಹಾಗೆ ಹೋದಳು. ನೀರು ಅಲುಗಿದಂತೆ ಕಾಣಲಿಲ್ಲ. ಬೋಪಯ್ಯ ನನ್ನ ಭುಜ ಹಿಡಿದಿದ್ದರು, ಒಂದು ವಾರ ನೀಲಿಗಟ್ಟಿತ್ತು.

ನಾಲ್ಕನೆಯವಳಾಗಿ ಗೋಡೆ ಮುಟ್ಟಿದಳು. ಎರಡು ನಿಮಿಷ ಒಂಬತ್ತು ಸೆಕೆಂಡು, ದಶಾಂಶ ಮೂರು ಒಂದು.

ಒಂಬತ್ತರೊಳಗೆ ಬರಬೇಕಿತ್ತು. ಒಂದು ಸೆಕೆಂಡನ್ನು ನೂರು ಚೂರು ಮಾಡಿದರೆ ಮೂವತ್ತೊಂದು ಚೂರು ಹೆಚ್ಚಾಯಿತು. ಶಿಬಿರ ಹೋಯಿತು.

ನೀರಿನಿಂದ ಎದ್ದು ಬಂದಳು. ಬೋರ್ಡನ್ನು ನೋಡಿದಳು. ಅಳುತ್ತಾಳೆ ಎಂದು ನಾನು ಟವೆಲ್ ಹಿಡಿದು ನಿಂತಿದ್ದೆ. ನಾಗವೇಣಿ ನನ್ನ ಕೈಯಿಂದ ಟವೆಲ್ ಕಿತ್ತುಕೊಂಡು ಮಗಳ ತಲೆಯನ್ನು ಗಸಗಸ ಒರೆಸಿದಳು.

“ಅವ್ವಾ, ಮೆತ್ತಗೆ!”

“ಸುಮ್ಕಿರು. ಮೂರು ವರ್ಷ ಊರು ಬಿಟ್ಟು ಹೋಗ್ತಾಳೆ ಅಂತ ಅಂದ್ಕೊಂಡು ರಾತ್ರಿಯೆಲ್ಲ ಅತ್ತಿದ್ದೀನಿ. ಈಗ ಹೋಗಲ್ಲ ಅಂತ ಅಳಬೇಕಾ?” ಎಂದಳು. ಆಮೇಲೆ ಇಬ್ಬರೂ ಅತ್ತರು. ರುಕ್ಮಾನೂ ಅತ್ತಳು. ನಾನು ಅಳಲಿಲ್ಲ, ಕನ್ನಡಕಕ್ಕೆ ನೀರು ಸಿಡಿದಿತ್ತು.

ಅಲಮೇಲು ಆ ಮಡಿಕೆಯ ವರದಿಯನ್ನು ತಾವೇ ಮಂಡಳಿಗೆ ಬರೆದು ಕಳಿಸಿದರು. ಅಂದಿನಿಂದ ಪರೀಕ್ಷೆ ಈಜಿಸಿಯೇ ಮಾಡುತ್ತಾರೆ, ಒಳಮಗ್ಗುಲು ತಿರುಗಿಸಿಯೂ ನೋಡುತ್ತಾರೆ. ಆ ವರ್ಷ ಒಂಬತ್ತರೊಳಗೆ ಬಂದಿದ್ದ ಮೂವರಲ್ಲಿ ಇಬ್ಬರ ಉಡುಗೆಯಲ್ಲಿ ಏನೇನೋ ಸಿಕ್ಕಿತು ಎಂದು ಸುದ್ದಿ ಬಂತು. ಆದರೆ ಆಯ್ಕೆಯ ಪಟ್ಟಿ ಬದಲಾಗಲಿಲ್ಲ, ಚಿತ್ಕಲಾಗೆ ಕರೆ ಬರಲಿಲ್ಲ. ಅವಳಿಗೆ ನವೆಂಬರಿನಲ್ಲಿ ಹದಿನಾರು ತುಂಬಿತು.

ನಿಮ್ಮ ಮಕ್ಕಳಿಗೆ ಬೆಳಿಗ್ಗೆ ಆರು ಗಂಟೆಗೆ ಈಜು ಕಲಿಸುವ ಚಿತ್ಕಲಾ ಮೇಡಂ ಅವಳೇ. ಮೀನ್‌ಬಟ್ಟೆ ತೊಡಿಸುವ ಮುಂಚೆ ಎರಡು ವರ್ಷ ಬರೀ ನೈಲಾನಿನಲ್ಲಿ ಈಜಿಸುತ್ತಾಳೆ ಎಂದು ನೀವು ದೂರುತ್ತೀರಲ್ಲ, ಆ ಮೇಡಂ. ಅವಳು ಬಾಯಿಬಿಟ್ಟು ಇದನ್ನು ಯಾರಿಗೂ ಹೇಳುವುದಿಲ್ಲ. ಆದ್ದರಿಂದ ಇವತ್ತು ಮಕ್ಕಳನ್ನು ಕೂರಿಸಿಕೊಂಡು ನೀವು ಹೇಳಿ. ಈ ವಾಯ್ಸ್ ನೋಟನ್ನು ಮುಂದಕ್ಕೆ ಕಳಿಸಿದರೂ ಸರಿ. ಆದರೆ ಕೆಲವರು ಕಥೆ ಚಂದ ಆಗಲಿ ಎಂದು ಅವಳನ್ನು ಗೆಲ್ಲಿಸಿಬಿಡುತ್ತಾರೆ, ನೀವು ಹಾಗೆ ಮಾಡಬೇಡಿ. ಸೋತಳು ಎಂದೇ ಹೇಳಿ, ಮೂವತ್ತೊಂದು ಚೂರಿನಿಂದ ಸೋತಳು ಎಂದು ಹೇಳಿ. ಅಷ್ಟೂ ಚೂರು ಅವಳದೇ, ಒಂದನ್ನೂ ಕಡಿಮೆ ಮಾಡಬೇಡಿ.